ಅವ್ವ ವಿಧವೆಯಾಗಿದ್ದ ಏಳು ತಿಂಗಳು

ನಮ್ಮವ್ವ ಗಾದೆಮ್ಮ ಹೋದ ಕಾರ್ತಿಕದಲ್ಲಿ ತೀರಿಕೊಂಡಳು. ಎಂಬತ್ತನಾಲ್ಕು ವರ್ಷ. ಹರಪನಹಳ್ಳಿಯಿಂದ ನಾನು ಗುಡೇಕೋಟೆ ಮುಟ್ಟುವಷ್ಟರಲ್ಲಿ ಅಂಗಳದಲ್ಲಿ ಬ್ಯಾನರ್ ಕಟ್ಟಿದ್ದರು: ‘ವೀರಯೋಧನ ಪತ್ನಿ, ವೀರಯೋಧನ ತಾಯಿ’. ಅವಳ ಹೆಸರು ಅದರ ಕೆಳಗೆ, ಸಣ್ಣ ಅಕ್ಷರದಲ್ಲಿ.

ಅಪ್ಪ ಗಾಳೆಪ್ಪ ಮಿಲಿಟರಿಯಲ್ಲಿ ಸೇತುವೆ ಕಟ್ಟುವ ಪಡೆಯವನು. ಮದುವೆಯಾದ ಹದಿನೈದನೇ ದಿನಕ್ಕೇ ರಜೆ ಮುಗಿಸಿ ಹೊರಟಿದ್ದ. ಆಮೇಲೆ ವರ್ಷಕ್ಕೆ ಎರಡು ತಿಂಗಳು ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಚೀನಾ ಯುದ್ಧದ ವರ್ಷ ತಂತಿ ಬಂತು. ಊರಲ್ಲಿ ಇಂಗ್ಲಿಷ್ ಬಲ್ಲವನೆಂದರೆ ಪಂಚಾಕ್ಷರಪ್ಪ ಒಬ್ಬನೇ. ಕಾಣೆಯಾಗಿದ್ದಾನೆ ಎಂದಿದ್ದುದನ್ನು ಓದಿ, “ಗಾಳೆಪ್ಪ ಹೋಗ್ಯಾನ” ಎಂದುಬಿಟ್ಟ.

ಅವ್ವನ ಬಳೆಯನ್ನು ಅವಳ ಅತ್ತೆಯೇ ಒಡೆದಳು. ಇಪ್ಪತ್ತೆರಡರ ಹೆಂಗಸಿಗೆ ದನದ ಕೊಟ್ಟಿಗೆಯಲ್ಲಿ ಚಾಪೆ ಹಾಕಿದರು. ನಾದಿನಿಯ ಮದುವೆ ದಿನ, ಎದುರಿಗೆ ಬಂದಾಳೆಂದು ಹಿತ್ತಲ ಕೋಣೆಗೆ ತಳ್ಳಿ ಹೊರಗಿನಿಂದ ಚಿಲಕ ಹಾಕಿದರು. ನೀರು ಕೊಡುವುದನ್ನೂ ಮರೆತರು.

ಏಳು ತಿಂಗಳಾದ ಮೇಲೆ ಅಪ್ಪ ಬಂದ. ಚೀನಾದವರ ಸೆರೆಯಲ್ಲಿದ್ದು ಎಲುಬಿನ ಹಂದರವಾಗಿದ್ದ. ಊರೆಲ್ಲ ಕುಣಿಯಿತು. ಅತ್ತೆ ಹಸಿರು ಬಳೆ ಹಿಡಿದು ಕೊಟ್ಟಿಗೆಗೆ ಬಂದಳು.

“ತೊಟ್ಕೋ ಗಾದಿ. ನಮಗೇನ್ ಗೊತ್ತಿತ್ತು?”

ಅವ್ವ ತೊಟ್ಟಳು. ಆಮೇಲೊಂದು ದಿನ ಗಂಡನ ಮುಂದೆ ಎಲ್ಲ ಹೇಳಿಕೊಂಡಳು. “ನಾ ಅಲ್ಲಿ ಏನೇನ್ ಉಂಡು ಬಂದೀನಿ. ನಿಂದೇನ್ ದೊಡ್ಡದು?” ಎಂದ ಅಪ್ಪ. ಆಕೆ ಮತ್ತೆ ಆ ಮಾತು ಎತ್ತಲಿಲ್ಲ. ನನಗೆ ಹೇಳಿದ್ದೂ ಅಪ್ಪ ಸತ್ತ ಮೇಲೆಯೇ.

ನನ್ನ ತಮ್ಮ ಮೈಲಾರೇಶನನ್ನು ಅಪ್ಪನೇ ಮಿಲಿಟರಿ ಭರ್ತಿಗೆ ಕರೆದೊಯ್ದ. ಅವ್ವ ಬಾಗಿಲಿಗೆ ಅಡ್ಡ ನಿಂತಳು. ಅಪ್ಪ ಅವಳನ್ನು ಪಕ್ಕಕ್ಕೆ ಸರಿಸಿ ಹೋದ. ಮೂವತ್ತೊಂದನೇ ವಯಸ್ಸಿಗೆ ಕಾಶ್ಮೀರದಲ್ಲಿ ಹಿಮ ಕುಸಿದು ಮೈಲಾರೇಶ ಸತ್ತ. ಈ ಸಲ ಸುದ್ದಿಯಲ್ಲಿ ತಪ್ಪಿರಲಿಲ್ಲ, ಪೆಟ್ಟಿಗೆಯೇ ಬಂದಿತ್ತು.

ಅವನ ಹೆಂಡತಿ ಹುಲುಗಮ್ಮನಿಗೆ ಇಪ್ಪತ್ತಮೂರು. ಓಣಿಯ ಹೆಂಗಸರು ಬಳೆ ಒಡೆಯಲು ಅವಳ ಕೈ ಹಿಡಿದಾಗ ಅವ್ವ ಹೆಣ ಬಿಟ್ಟು ಎದ್ದಳು.

“ಕೈ ತಗೀರಿ! ಒಬ್ಬಾಕಿನ್ನ ಜೀವಂತ ಹೂತಿದ್ದು ಸಾಕಾಗ್ಲಿಲ್ಲೇನ್ ನಿಮಗ?”

ಎರಡು ವರ್ಷ ಕಳೆದ ಮೇಲೆ, ಹೆಂಡತಿ ಸತ್ತಿದ್ದ ಕೊಟ್ಟೂರಿನ ಟೇಲರನೊಬ್ಬನನ್ನು ತಾನೇ ಹುಡುಕಿ, ತಾನೇ ಮುಂದೆ ನಿಂತು ಸೊಸೆಯ ಮದುವೆ ಮಾಡಿದಳು. “ನನ್ನ ಮಗನ ಹೆಸರು ಅಳಿಸಿದಿ” ಎಂದ ಅಪ್ಪ. ಅದೇ ಕಡೆಯ ಮಾತು. ಸಾಯುವತನಕ, ಒಂಬತ್ತು ವರ್ಷ, ಅವಳೊಂದಿಗೆ ಮಾತಾಡಲಿಲ್ಲ. ಹಸಿವಾದರೆ ತಟ್ಟೆ ಬಡಿಯುತ್ತಿದ್ದ.

“ನನ್ನ ಮನಿಗೆ ಬಂದ್ಬಿಡು ಯವ್ವಾ” ಎಂದು ನಾನು ಕರೆದರೆ, “ತಪ್ಪು ಮಾಡಿದಾಕಿ ನಾನಲ್ಲ ಸುಮಾ, ನಾ ಯಾಕ ಮನಿ ಬಿಡ್ಲಿ?” ಅನ್ನುತ್ತಿದ್ದಳು.

ಒಂದು ಆಗಸ್ಟ್‌ನಲ್ಲಿ ಸ್ವಾತಂತ್ರ್ಯ ದಿನಕ್ಕೆ ಊರಿನವರು ಅವ್ವನಿಗೆ ಶಾಲು ಹೊದಿಸಲು ವೇದಿಕೆಗೆ ಕರೆದಿದ್ದರು. ಎಲ್ಲರೂ ಚಪ್ಪಾಳೆ ಹೊಡೆದಾಗ ಅವ್ವ ಮೈಕಿನ ಹತ್ತಿರ ಹೋಗಿ, “ನನ್ನ ಮಗ ಸತ್ತದ್ದಕ್ಕ ನಿಮಗ್ಯಾಕ ಇಷ್ಟು ಖುಷಿ?” ಎಂದು ಕೇಳಿದಳು. ಮುಂದಿನ ವರ್ಷದಿಂದ ಯಾರೂ ಕರೆಯಲಿಲ್ಲ.

ಕಡೆಯ ಹದಿನಾಲ್ಕು ದಿನ ಆಸ್ಪತ್ರೆಯಲ್ಲಿ ಅವಳ ಹೇಲುಚ್ಚೆ ಬಳಿದವಳು ಹುಲುಗಮ್ಮ. ನನಗೆ ನಾನು ಪಾಠ ಹೇಳುವ ಶಾಲೆಯಲ್ಲಿ ರಜೆ ಇರಲಿಲ್ಲ. ನಿಜ ಹೇಳಬೇಕೆಂದರೆ, ನಾನು ಕೇಳಿಯೂ ಇರಲಿಲ್ಲ.

ಹೆಣ ಎತ್ತುವ ಮೊದಲು ಒಬ್ಬೊಬ್ಬರೇ ಬಾಯಿಗೆ ನೀರು ಬಿಡುತ್ತಿದ್ದೆವು. ಹುಲುಗಮ್ಮ ಬಗ್ಗಿದಾಗ ದೊಡ್ಡಪ್ಪನ ಮಗ ತಡೆದ.

“ನೀ ಯಾರು ಈ ಮನಿಗೆ? ಹಿಂದಕ್ಕ ಸರಿ.”

ಅವಳು ನನ್ನ ಕಡೆ ನೋಡಿದಳು. ಅಂಗಳದ ತುಂಬ ಬಂಧುಗಳಿದ್ದರು. ನಾನು ತಲೆ ತಗ್ಗಿಸಿದೆ. ಹುಲುಗಮ್ಮ ತಂಬಿಗೆಯನ್ನು ಸದ್ದಾಗದಂತೆ ಕೆಳಗಿಟ್ಟು, ಚಪ್ಪಲಿ ಮೆಟ್ಟಿ, ಬಸ್ಸಿನ ಕಡೆ ನಡೆದಳು.