ಅಮ್ಮನಿಗೆ ಒಂದು ಬುಟ್ಟಿ ಹುಲ್ಲು

ತುಮಕೂರಿನ ಶೆಟ್ಟಿಹಳ್ಳಿ ಬಡಾವಣೆಯ ನಮ್ಮ ಮನೆಯ ಮುಂದಿನ ಲಾನನ್ನು ನೋಡಿದವರೆಲ್ಲ ಅದನ್ನು ಅಪ್ಪನ ಲಾನ್ ಎಂದೇ ಕರೆಯುತ್ತಿದ್ದರು. ಆ ಮಾತು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಅಪ್ಪ ಆ ಹುಲ್ಲನ್ನು ತಂದರು, ಆಮೇಲೆ ಬಂದವರಿಗೆಲ್ಲ ತೋರಿಸಿದರು. ನಡುವಿನ ಕೆಲಸವೆಲ್ಲ ಅಮ್ಮನದು.

ಅಪ್ಪ ಕುಣಿಗಲ್ಲಿನ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದರು, ತುಮಕೂರಿನಿಂದ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದರು. ತೊಂಬತ್ತರ ದಶಕದ ಆರಂಭದ ಮಾತು. ಒಂದು ಸಂಜೆ ಫೈಲಿಗೆ ಸಹಿ ಹಾಕಿಸಿಕೊಳ್ಳಲು ಸಾಹೇಬರ ಮನೆಗೆ ಹೋದರಂತೆ. ಸಾಹೇಬರು ಹುಲ್ಲಿನ ಮೇಲೆ ಬೆತ್ತದ ಕುರ್ಚಿ ಹಾಕಿಕೊಂಡು ಕಾಫಿ ಕುಡಿಯುತ್ತಿದ್ದರಂತೆ. ಅಪ್ಪನನ್ನು ಹುಲ್ಲಿನ ಆಚೆಗೇ ನಿಲ್ಲಿಸಿ, ಆಳಿನ ಕೈಯಲ್ಲಿ ಫೈಲು ತರಿಸಿಕೊಂಡು ಸಹಿ ಹಾಕಿ ಕಳಿಸಿದರಂತೆ. ಬೇರೆ ಯಾರಾದರೂ ಆಗಿದ್ದರೆ ಆ ಸಾಹೇಬರ ಮೇಲೆ ಸಿಟ್ಟು ಮಾಡಿಕೊಳ್ಳುತ್ತಿದ್ದರು. ನಮ್ಮಪ್ಪನಿಗೆ ಹುಲ್ಲಿನ ಮೇಲೆ ಆಸೆ ಹುಟ್ಟಿತು.

ಆಗ ನಮ್ಮ ಅಂಗಳದಲ್ಲಿ ಅಮ್ಮನ ಅವರೆ ಚಪ್ಪರವಿತ್ತು, ನಾಲ್ಕಾರು ಬದನೆ ಗಿಡಗಳಿದ್ದವು, ಗೋಡೆಯ ಉದ್ದಕ್ಕೂ ಕನಕಾಂಬರವಿತ್ತು. ಅಪ್ಪ ಆಳುಗಳನ್ನು ಕರೆತಂದು ಒಂದೇ ದಿನದಲ್ಲಿ ಎಲ್ಲವನ್ನೂ ಅಗೆಸಿಹಾಕಿದರು. "ಮನೆ ಮುಂದೆ ಅವರೆಕಾಯಿ ಬಿಡ್ಸಕ್ಕೆ ನಾವೇನು ಹಳ್ಳೀಲಿದೀವಾ?" ಎಂದರು. ಅಮ್ಮ ಕಿತ್ತುಬಿದ್ದ ಗಿಡಗಳಿಂದ ಎಳೆಯ ಬದನೆಕಾಯಿಗಳನ್ನು ಬಿಡಿಸಿ ಸೆರಗಿಗೆ ಹಾಕಿಕೊಂಡು ಒಳಗೆ ಹೋದಳು. ಆ ರಾತ್ರಿ ಅದರದೇ ಪಲ್ಯ ಮಾಡಿದಳು.

ಬೆಂಗಳೂರಿನ ನರ್ಸರಿಯಿಂದ ಒದ್ದೆ ಗೋಣಿಚೀಲಗಳಲ್ಲಿ ಹುಲ್ಲು ಬಂತು. ಅದರ ಹೆಸರು ಝೋಯ್ಸಿಯಾ ಎಂದು ಅಪ್ಪ ನಮಗೆಲ್ಲ ಹೇಳಿಕೊಟ್ಟರು. ಓಣಿಯವರ ಬಾಯಲ್ಲಿ ಅದು ಕೊರಿಯನ್ ಹುಲ್ಲಾಯಿತು. ಚಾಪೆಯ ಹಾಗಿದ್ದ ಹುಲ್ಲನ್ನು ಸಣ್ಣ ಸಣ್ಣ ಚೂರು ಮಾಡಿ, ನಾಲ್ಕು ಬೆರಳು ಅಂತರ ಬಿಟ್ಟು ನೆಡಬೇಕಿತ್ತು. ಮೊದಲ ಸಾಲನ್ನು ಅಪ್ಪ ನೆಟ್ಟರು. ಸೊಂಟ ಹಿಡಿದುಕೊಂಡಿತು. ಉಳಿದ ಸಾಲುಗಳನ್ನು ಅಮ್ಮ ಕುಕ್ಕರಗಾಲಿನಲ್ಲಿ ಕೂತು ಮುಗಿಸಿದಳು, ನಾನು ಚೂರುಗಳನ್ನು ಎತ್ತಿಕೊಡುತ್ತಿದ್ದೆ.

ಅಷ್ಟು ಸೋಮಾರಿ ಹುಲ್ಲನ್ನು ನಾನು ಬೇರೆ ಕಂಡಿಲ್ಲ. ಇಡೀ ಮಳೆಗಾಲ ಕಳೆದರೂ ಚೂರುಗಳ ನಡುವೆ ಮಣ್ಣೇ ಕಾಣುತ್ತಿತ್ತು. ಆ ಮಣ್ಣಿನಲ್ಲಿ ಕೊನ್ನಾರಿ ಕಳೆ ಮಾತ್ರ ನಾ ಮುಂದು ತಾ ಮುಂದು ಎಂದು ಎದ್ದಿತು. ಮೇಲಿನ ಎಲೆ ಕಿತ್ತರೆ ಏನೂ ಪ್ರಯೋಜನವಿಲ್ಲ, ಕೆಳಗಿನ ಗಡ್ಡೆ ಬರಬೇಕು. ಅಮ್ಮ ಮುರಿದ ಚಾಕುವೊಂದನ್ನು ಇಟ್ಟುಕೊಂಡು ದಿನಾ ಬೆಳಗ್ಗೆ ಅಡುಗೆಗೆ ಮುಂಚೆ ಗಡ್ಡೆ ಅಗೆಯುತ್ತಿದ್ದಳು. ನಲ್ಲಿ ನೀರು ದಿನ ಬಿಟ್ಟು ದಿನವೂ ಬರದ ಕಾಲ. ಅಕ್ಕಿ ತೊಳೆದ ನೀರು, ಸೊಪ್ಪು ತೊಳೆದ ನೀರು, ಎಲ್ಲವನ್ನೂ ಬಕೆಟ್ಟಿನಲ್ಲಿ ಹಿಡಿದಿಟ್ಟು ಹುಲ್ಲಿಗೆ ಹೊಯ್ಯುತ್ತಿದ್ದಳು. ಕೊನೆಗೆ ಅದು ಮುಚ್ಚಿಕೊಂಡಿತು, ಹಸಿರು ಕಂಬಳಿಯ ಹಾಗೆ ಒಂದೇ ಸಮ. ಆಮೇಲೂ ಬಿಡುವಿಲ್ಲ. ಕತ್ತರಿಸದೆ ಬಿಟ್ಟರೆ ಗುಪ್ಪೆ ಗುಪ್ಪೆಯಾಗಿ ಉಬ್ಬಿ ಒಳಗೊಳಗೇ ಒಣಗುತ್ತಿತ್ತು. ಅಂಚುಗಳನ್ನು ಅಮ್ಮ ಬಟ್ಟೆ ಕತ್ತರಿಸುವ ಕತ್ತರಿಯಲ್ಲೇ ಕತ್ತರಿಸುತ್ತಿದ್ದಳು.

ಹುಲ್ಲು ಮುಚ್ಚಿಕೊಂಡದ್ದೇ ಅಪ್ಪ ಸುತ್ತ ಹಗ್ಗ ಕಟ್ಟಿದರು. ಯಾರೂ ತುಳಿಯುವಂತಿಲ್ಲ. ಸಂಜೆ ಸ್ನೇಹಿತರು ಬಂದರೆ ಮಾತ್ರ ಹಗ್ಗ ಬಿಚ್ಚಿ ಕುರ್ಚಿ ಹಾಕಿಸುತ್ತಿದ್ದರು.

"ಏನ್ ಲಾನ್ ಸಾರ್! ಹೆಂಗ್ ಮೇಂಟೇನ್ ಮಾಡ್ತೀರಾ?"

"ಕಷ್ಟ ಅದೆ ಕಣ್ರೀ. ದಿನಾ ಬೆಳಗ್ಗೆ ಕೂತ್ಕಬೇಕು. ಕೈ ಕೆಸರಾಗ್ದೆ ಆಗಲ್ಲ."

ಅಪ್ಪನ ಕೈಗಳು ಹತ್ತಿಯ ಹಾಗೆ ಮೆತ್ತಗಿದ್ದವು. ಕಾಫಿ ತಂದ ಅಮ್ಮ ಹುಲ್ಲಿನ ಅಂಚಿನಲ್ಲೇ ನಿಂತು ತಟ್ಟೆ ಚಾಚುತ್ತಿದ್ದಳು. ಒಮ್ಮೆ ನಾನು ಅಡುಗೆಮನೆಯಲ್ಲಿ ರೇಗಿದೆ. "ನಾನೇ ಮಾಡಿದ್ದು ಅಂತ ಒಂದ್ ಸಲನಾದ್ರೂ ಹೇಳಮ್ಮ." ಅಮ್ಮ ಲೋಟ ತೊಳೆಯುತ್ತಲೇ, "ಹೋಗ್ಲಿ ಬುಡೆ, ಹುಲ್ಲಿಗೆ ಗೊತ್ತು" ಎಂದಳು. ನನಗೆ ಅದು ದೊಡ್ಡ ಮಾತು ಅನ್ನಿಸಲಿಲ್ಲ. ಹುಲ್ಲಿಗೆ ಗೊತ್ತಿದ್ದು ಯಾವನಿಗೆ ಏನಾಗಬೇಕು ಅನ್ನಿಸಿತು.

ನನಗೆ ಮದುವೆಯಾಯಿತು. ಗುಬ್ಬಿಗೆ ಹೋದೆ, ಅಲ್ಲೇ ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿತು. ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ಬೇಸಿಗೆಯ ಬೆಳಗ್ಗೆ ಅಮ್ಮ ಕಾಫಿಗೆ ಹಾಲಿಡಲು ಎದ್ದವಳು ಎದೆ ಹಿಡಿದುಕೊಂಡು ಕೂತಳಂತೆ. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಾನು ಗುಬ್ಬಿಯಿಂದ ಬಂದಾಗ ಅವಳನ್ನು ವರಾಂಡದ ಇಕ್ಕಟ್ಟಿನಲ್ಲಿ ಮಲಗಿಸಿದ್ದರು. ಜನ ಗೇಟಿನಿಂದ ರಸ್ತೆಯವರೆಗೂ ನಿಂತಿದ್ದರು, ಬಿಸಿಲು ಕುಕ್ಕುತ್ತಿತ್ತು. ಯಾರೋ ಹಿರಿಯರು, "ಹೊರಗೆ ಹುಲ್ಲಿನ್ ಮೇಲೆ ಮಲಗ್ಸಣ, ಎಲ್ರೂ ನೋಡ್ಬೋದು" ಎಂದರು. ಅಪ್ಪ ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ಆ ಅಳುವಿನ ನಡುವೆಯೇ, "ಹುಲ್ಲಿನ್ ಮೇಲೆ ಬ್ಯಾಡ, ಇಲ್ಲೇ ಇರ್ಲಿ" ಎಂದರು. ಅಳು ಸುಳ್ಳಲ್ಲ, ನಾನು ಅನ್ಯಾಯದ ಮಾತಾಡುವುದಿಲ್ಲ. ಆ ಮಾತೂ ಸುಳ್ಳಲ್ಲ.

ನಮ್ಮಲ್ಲಿ ಹೂಳುತ್ತಾರೆ. ನಿಟ್ಟೂರಿನ ಹತ್ತಿರ ಅಪ್ಪನ ಮನೆತನದ ತೆಂಗಿನ ತೋಟದಲ್ಲಿ ಅಮ್ಮನನ್ನು ಮಣ್ಣು ಮಾಡಿದೆವು. ಮೊದಲ ಮಳೆಗೇ ಸಮಾಧಿಯ ಮೇಲಿನ ಮಣ್ಣು ಒಂದು ಕಡೆ ಕೊಚ್ಚಿಹೋಯಿತು. ತೋಟ ನೋಡಿಕೊಳ್ಳುತ್ತಿದ್ದ ಚಿಕ್ಕಪ್ಪ, "ಕಲ್ಲು ಆಮೇಲೆ ಕಟ್ಸಣ, ಸದ್ಯಕ್ಕೆ ಒಂದಿಷ್ಟು ಹುಲ್ಲು ಹಾಕಿದ್ರೆ ಮಣ್ಣು ನಿಲ್ತದೆ ಕಣವ್ವ" ಎಂದರು. ಬದುವಿನ ಗರಿಕೆ ತಂದು ಹಾಕಿದ್ದರೂ ಆಗುತ್ತಿತ್ತು. ಆದರೆ ಚಿಕ್ಕಪ್ಪ ಹುಲ್ಲು ಎಂದದ್ದೇ ತಡ, ನನಗೆ ಬೇರೆ ಯಾವುದೂ ಬೇಡವಾಯಿತು. ಅವಳು ಬೆಳೆಸಿದ್ದು ಅವಳ ಮೇಲಿರಲಿ ಅಂತ ಹಟ ಹತ್ತಿತು.

ಮುಂದಿನ ಭಾನುವಾರ ಬಿದಿರಿನ ಬುಟ್ಟಿಯೊಂದನ್ನು ಹಿಡಿದುಕೊಂಡೇ ಶೆಟ್ಟಿಹಳ್ಳಿಗೆ ಹೋದೆ. ಅಪ್ಪ ಬೆತ್ತದ ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿದ್ದರು. ನನ್ನನ್ನು ನೋಡಿ, "ಬಂದ್ಯಾ? ನೋಡು, ಆ ಮೂಲೇಲಿ ಕೊನ್ನಾರಿ ಎದ್ದೈತೆ" ಎಂದರು. ನಾನು ಬುಟ್ಟಿ ತೋರಿಸಿ ವಿಷಯ ಹೇಳಿದೆ.

ಅವರು ಪೇಪರ್ ಮಡಚಿದರು. "ಎಲ್ಲಿಂದ ತೆಗೀತೀಯ?"

"ಎಲ್ಲಿಂದಾದ್ರೂ. ಗೋಡೆ ಪಕ್ಕದಿಂದ ತೆಗೀತೀನಿ."

"ತೂತು ಬೀಳ್ತದೆ ಕಣಮ್ಮ. ಇದು ಗರಿಕೆ ಥರ ಅಲ್ಲ, ತುಂಬ್ಕೊಳ್ಳೋದು ಭಾಳ ನಿಧಾನ. ನಿಮ್ಮಮ್ಮ ಅಷ್ಟು ಕಷ್ಟಪಟ್ಟು ಬೆಳ್ಸಿದ್ದು, ಕೆಡ್ಸೋದು ಬ್ಯಾಡ."

ಹತ್ತು ವರ್ಷಕ್ಕೂ ಮೇಲೆ ಆ ಮಾತಿಗಾಗಿ ನಾನು ಕಾದಿದ್ದೆ. ಅಮ್ಮ ಬೆಳೆಸಿದ್ದು ಅಂತ ಅವರ ಬಾಯಿಂದಲೇ ಬಂತು. ಬಂದದ್ದು ಅವಳಿಗೆ ಒಂದು ಬುಟ್ಟಿ ಹುಲ್ಲು ಇಲ್ಲ ಎನ್ನುವುದಕ್ಕೆ. ನಾನು ಜಗಳ ಆಡಲಿಲ್ಲ. ಅಡುಗೆ ಮಾಡಿಟ್ಟು, ಬುಟ್ಟಿ ಹಿಡಿದುಕೊಂಡು ಬಸ್ಸು ಹತ್ತಿದೆ. ಬುಟ್ಟಿ ಖಾಲಿ ಇದ್ದರೂ ಕಂಡಕ್ಟರ್ ಅದನ್ನು ಮೇಲೆ ಹಾಕು ಎಂದ, ಅವನ ಮೇಲೆ ಕೂಗಾಡಿದೆ.

ದಸರಾ ರಜೆಯ ಹೊತ್ತಿಗೆ ಮತ್ತೆ ಹೋದಾಗ ಗೇಟಿನಲ್ಲೇ ನಿಂತುಬಿಟ್ಟೆ. ಲಾನಿನ ನಟ್ಟನಡುವೆ, ಎಲ್ಲಕ್ಕಿಂತ ಚೆನ್ನಾಗಿದ್ದ ಕಡೆ, ಬಾಗಿಲಿನಷ್ಟು ಅಗಲದ ಪಟ್ಟಿ ಪಟ್ಟಿಯಾಗಿ ಹುಲ್ಲು ಎದ್ದುಹೋಗಿ ಕೆಂಪು ಮಣ್ಣು ಕಾಣುತ್ತಿತ್ತು. ಕಳ್ಳರು ಬಂದಿದ್ದರೇ ಅಂದುಕೊಂಡೆ. ಅಪ್ಪ ನಗುನಗುತ್ತಾ ಹೊರಗೆ ಬಂದರು.

"ಕುಣಿಗಲ್ಲಿಗೆ ಹೊಸ ಸಾಹೇಬ್ರು ಬಂದವ್ರೆ. ನಮ್ಮನೆಗೇ ಬಂದಿದ್ರು! ಇಲ್ಲೇ ಕೂತು ಕಾಫಿ ಕುಡುದ್ರು. ಹುಲ್ಲು ನೋಡಿ, ನಮ್ಮನೆಗೂ ಬೇಕಲ್ರೀ ಅಂದ್ರು. ಅಂಥೋರು ಬಾಯ್ಬಿಟ್ಟು ಕೇಳಿದ್ಮೇಲೆ ಇಲ್ಲ ಅನ್ನಕ್ಕಾಯ್ತದಾ? ನಾನೇ ನಿಂತು ಎಬ್ಬಿಸಿ, ಟೆಂಪೋಲಿ ಹಾಕ್ಸಿ ಕಳ್ಸ್ದೆ."

"ನಾನೂ ಬಾಯ್ಬಿಟ್ಟೇ ಕೇಳಿದ್ದೆ ಅಪ್ಪಾ."

ಅಪ್ಪನ ನಗು ನಿಂತಿತು. ನನ್ನನ್ನು ನೋಡಲಿಲ್ಲ. ಅತ್ತಿತ್ತ ನೋಡಿ ಕಾಂಪೌಂಡಿನ ಮೂಲೆಗೆ ಹೋದರು. ಅಲ್ಲಿ ಟೆಂಪೋಗೆ ಹಿಡಿಸದೆ ಬಿಟ್ಟುಹೋದ ಹುಲ್ಲಿನ ತುಂಡುಗಳು ರಾಶಿ ಬಿದ್ದಿದ್ದವು. ಅಂಚುಗಳು ಆಗಲೇ ಹಳದಿಯಾಗಿದ್ದವು. ಅಪ್ಪ ಒಂದನ್ನು ಎತ್ತಿ ಮಣ್ಣು ಕೊಡವಿ ನನ್ನ ಕಡೆ ಚಾಚಿದರು.

"ಇವಿಷ್ಟು ಮಿಕ್ಕವೆ ನೋಡು. ನೀರು ಹಾಕಿದ್ರೆ ಚಿಗುರ್ತವೆ. ನಿಮ್ಮಮ್ಮಂಗೆ ತಗೊಂಡ್ ಹೋಗು."

ಅವರ ದನಿಯಲ್ಲಿ ಕುಹಕವಿರಲಿಲ್ಲ. ನಿಜವಾಗಿಯೂ ಒಂದು ಒಳ್ಳೆಯ ಕೆಲಸ ಮಾಡುತ್ತಿದ್ದೇನೆ ಎಂಬ ಸಮಾಧಾನವಿತ್ತು. ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ.

"ಬ್ಯಾಡ" ಎಂದೆ. "ಎಲ್ರೂ ಉಂಡು ಮಿಕ್ಕಿದ್ದನ್ನೇ ಉಂಡು ಹೋದ್ಲು ಅಮ್ಮ. ಅಲ್ಲಿಗೂ ಅದನ್ನೇ ಕಳುಸ್ಬೇಡಿ."

ಅಪ್ಪ ಆ ತುಂಡನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತರು. ಎಲ್ಲಿ ಇಡಬೇಕು ಎಂದು ಅವರಿಗೆ ತಿಳಿಯಲಿಲ್ಲ.