ಸದ್ದು ಮಾಡದ ಕಂಪ್ಯೂಟರು

ಟೈಪ್ ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಮದುವೆಗೆ ಮುಂಚೆ ಎರಡು ವರ್ಷ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಹೊಸಬರ ಬೆರಳು ತಿದ್ದಿದ್ದರು, ಅಷ್ಟೇ. ಹೆಸರು ಮಾತ್ರ ಅಂಟಿಕೊಂಡದ್ದು ಬಿಡಲಿಲ್ಲ. ಆಮೇಲಿನ ಇಪ್ಪತ್ತಾರು ವರ್ಷ ಅವರು ಕೂತದ್ದು ಆಸ್ಪತ್ರೆಯ ಲ್ಯಾಬಿನ ಹಿಂದಿನ ಕೋಣೆಯಲ್ಲಿ. ಒಂದು ಕಿಟಕಿ, ಕಟಕಟ ಅನ್ನುವ ಒಂದು ಫ್ಯಾನು, ಬಾಗಿಲು ಪೂರ್ತಿ ಮುಚ್ಚದ ಒಂದು ಕಬ್ಬಿಣದ ಬೀರು. ಲ್ಯಾಬಿನ ಡಾಕ್ಟರಮ್ಮ ರೋಗಿಗಳ ಗಂಟಿನ ಚೂರನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ, ಕಂಡದ್ದನ್ನು ಒಂದು ಪುಟ್ಟ ರೆಕಾರ್ಡರಿನಲ್ಲಿ ಇಂಗ್ಲಿಷಿನಲ್ಲಿ ಹೇಳಿಡುತ್ತಿದ್ದರು. ಮೇಷ್ಟ್ರು ಅದನ್ನು ಹೆಡ್‌ಫೋನಿನಲ್ಲಿ ಕೇಳುತ್ತ, ಕಂಪ್ಯೂಟರಿನಲ್ಲಿ ಆಯಾ ರೋಗಿಯ ಹೆಸರಿನ ಕೆಳಗೆ ಟೈಪ್ ಮಾಡುತ್ತಿದ್ದರು.

ಅವರ ಟೈಪಿಂಗಿನಲ್ಲಿ ತಪ್ಪು ಹುಡುಕಿ ಸುಸ್ತಾದವರಿದ್ದರು, ಸಿಕ್ಕಿದವರಿರಲಿಲ್ಲ. ಡಾಕ್ಟರಮ್ಮನಂತೂ ಓದುವ ಗೋಜಿಗೇ ಹೋಗುತ್ತಿರಲಿಲ್ಲ. "ಮೇಷ್ಟ್ರು ಹೊಡೆದಿದಾರೆ ಅಂದ್ಮೇಲೆ ನಾನ್ಯಾಕೆ ಮತ್ತೆ ಕಣ್ಣು ಹಾಯಿಸ್ಲಿ" ಎಂದು ನಗುತ್ತ ಸಹಿ ಹಾಕಿಬಿಡುತ್ತಿದ್ದರು. ಆ ಮಾತು ಕೇಳಿ ಮೇಷ್ಟ್ರೂ ನಗುತ್ತಿದ್ದರು. ನಗದೆ ಏನು ಮಾಡಿಯಾರು? ಅವರಿಗೆ ಕಣ್ಣು ಕಾಣುತ್ತಿರಲಿಲ್ಲ.

ಪೂರ್ತಿ ಅಲ್ಲ. ಐದಾರು ವರ್ಷದಿಂದ ಅಂಚಿನಿಂದ ಒಳಕ್ಕೆ ಕತ್ತಲು ಬೆಳೆಯುತ್ತ ಬಂದು, ಈಗ ನಡುವೆ ಒಂದು ಕೊಳವೆಯಷ್ಟು ಬೆಳಕು ಉಳಿದಿತ್ತು, ಅದೂ ಮಂಜು ಮಂಜು. ಕಣ್ಣಿನ ಡಾಕ್ಟರೊಬ್ಬರು ಇದು ಹೋದದ್ದು ಬರುವುದಿಲ್ಲ, ಹನಿ ಹಾಕಿ ಇದ್ದದ್ದನ್ನು ಉಳಿಸಿಕೊಳ್ಳಿ ಅಂದಿದ್ದರು. ಮೇಷ್ಟ್ರು ಹನಿಯ ಬಾಟಲಿಯನ್ನು ಆಫೀಸಿನ ಬೀರುವಿನಲ್ಲಿಟ್ಟರು, ಗುಟ್ಟನ್ನು ಹೊಟ್ಟೆಯಲ್ಲಿಟ್ಟರು. ಹೆಂಡತಿಗೂ ಹೇಳಲಿಲ್ಲ. ಮನೆಯಲ್ಲಿ ಚೊಂಬು ಒಂದು ಗೇಣು ಆಚೆ ಸರಿದರೂ ಅವರು ಎಗರಾಡುವುದನ್ನು ನೋಡಿ ಆಕೆ, "ವಯಸ್ಸಾಗ್ತಾ ಇವರಿಗೆ ಸಿಟ್ಟು ಮೂಗಿನ ತುದೀಲೇ ಕೂತಿದೆ" ಎಂದು ಅಕ್ಕಪಕ್ಕದವರ ಹತ್ತಿರ ಹೇಳಿಕೊಳ್ಳುತ್ತಿದ್ದಳು. ದಾರಿಯಲ್ಲಿ ಎದುರಾದವರನ್ನು ಮಾತಾಡಿಸದೆ ಹೋಗುವುದಕ್ಕೆ ಬೀದಿಯವರು ಜಂಬ ಅಂದುಕೊಂಡಿದ್ದರು. ಜಂಬದ ಹೆಸರು ಬಂದದ್ದು ಅವರಿಗೆ ಒಳ್ಳೆಯದೇ ಆಯಿತು.

ಇಷ್ಟೆಲ್ಲ ಮುಚ್ಚಿಡಲು ಒಂದು ಕಾರಣವಿತ್ತು. ಎಕ್ಸ್‌ರೇ ತೆಗೆಯುವವರೊಬ್ಬರಿಗೆ ಕೈ ನಡುಗತೊಡಗಿದಾಗ ಆಸ್ಪತ್ರೆಯವರು ಅವರನ್ನು ಕೆಲಸದಿಂದ ತೆಗೆಯಲಿಲ್ಲ. ಮುಂಬಾಗಿಲ ಹತ್ತಿರ ಸ್ಟೂಲು ಹಾಕಿ ಟೋಕನ್ ಹಂಚಲು ಕೂರಿಸಿದರು. ಕಾಲೇಜಿನಿಂದ ಬಂದ ಹೊಸ ಡಾಕ್ಟರುಗಳು ಅವರನ್ನು "ಏಯ್ ಟೋಕನ್" ಎಂದು ಕರೆಯುತ್ತಿದ್ದರು. ಆ ಸ್ಟೂಲನ್ನು ನೆನೆದರೆ ಮೇಷ್ಟ್ರಿಗೆ ಮೈ ಬೆವರುತ್ತಿತ್ತು. ನಿವೃತ್ತಿಗೆ ಇನ್ನು ಮೂರು ವರ್ಷ. ಹೇಗೋ ದಾಟಿಸಿಬಿಟ್ಟರೆ ಸಾಕು.

ಹಳೆಯ ಕಂಪ್ಯೂಟರು ಆ ಗುಟ್ಟಿನ ಪಾಲುದಾರ. ಕಪ್ಪು ಪರದೆಯ ಮೇಲೆ ಹಳದಿ ಅಕ್ಷರ. ಅದಕ್ಕಿಂತ ಹೆಚ್ಚಾಗಿ ಅದು ಸದ್ದು ಮಾಡುತ್ತಿತ್ತು. ರೋಗಿಗಳ ಪಟ್ಟಿಯಲ್ಲಿ ಬಾಣದ ಗುರುತಿನ ಕೀ ಒತ್ತಿದರೆ ಒಂದು ಸಾಲು ಕೆಳಗಿಳಿದು ಟಕ್ ಅನ್ನುತ್ತಿತ್ತು. ತಪ್ಪು ಒತ್ತಿದರೆ ಗುರ್ ಅನ್ನುತ್ತಿತ್ತು. ಉಳಿಸಿಟ್ಟರೆ ಟಿಣ್ ಅನ್ನುತ್ತಿತ್ತು. ಡಾಕ್ಟರಮ್ಮ ಪಟ್ಟಿಯಲ್ಲಿದ್ದ ಕ್ರಮದಲ್ಲೇ ರೆಕಾರ್ಡ್ ಮಾಡುತ್ತಿದ್ದುದರಿಂದ, ಒಂದು ವರದಿಗೆ ಒಂದು ಟಕ್. ಅಷ್ಟು ಸಾಕಿತ್ತು. ಹೆಸರು ಓದುವ ಪ್ರಮೇಯವೇ ಇಲ್ಲ.

ಒಂದು ಸೋಮವಾರ ಅದನ್ನು ಎತ್ತಿಕೊಂಡು ಹೋದರು. ಜಾಗದಲ್ಲಿ ಹೊಸದೊಂದನ್ನು ತಂದಿಟ್ಟವನಿಗೆ ಆಸ್ಪತ್ರೆಯಲ್ಲಿ ಎಲ್ಲರೂ ಸಿಸ್ಟಮ್ ಸಾಹೇಬ ಅನ್ನುತ್ತಿದ್ದರು; ಕಂಪ್ಯೂಟರು ಕೆಟ್ಟಾಗ ಬಂದು, ಇನ್ನಷ್ಟು ಕೆಡಿಸಿ ಹೋಗುವ ಅಧಿಕಾರಿ ಆತ.

"ಹಳೇ ಆಪರೇಟಿಂಗ್ ಸಿಸ್ಟಮ್‌ನ ಅದರ ಕಂಪನಿಯೋರೇ ಕೈ ಬಿಟ್ಟಿದಾರೆ ಮೇಷ್ಟ್ರೇ. ಇದು ನೋಡಿ, ಎಷ್ಟು ನೀಟಾಗಿದೆ."

ಮೇಷ್ಟ್ರು ನೋಡಿದರು. ಬಿಳಿಯ ಮೇಲೆ ಬೂದು. ಸುಣ್ಣ ಹೊಡೆದ ಗೋಡೆಯನ್ನು ನೋಡಿದ ಹಾಗಾಯಿತು. "ಇದು ಸದ್ದೇ ಮಾಡಲ್ವಲ್ಲ ಸಾಹೇಬ್ರೇ?"

"ಅದೇ ಇದರ ಸುಖ! ಕಿರಿಕಿರಿ ಇಲ್ಲ. ಎಲ್ಲಾ ಮಿಷಿನ್‌ದೂ ಸೌಂಡ್ ಆಫ್ ಮಾಡ್ಸಿದಾರೆ, ಮೇಲಿಂದಾನೇ ಆರ್ಡರ್."

ಅಕ್ಷರ ದೊಡ್ಡದು ಮಾಡಿಕೊಡಿ ಎಂದು ಕೇಳಬಹುದಿತ್ತು. ಮಾತು ತುಟಿಯ ತನಕ ಬಂದಿತ್ತು. ಕೇಳಿದರೆ ಯಾಕೆ ಅಂತ ಕೇಳುತ್ತಾನೆ. ಯಾಕೆ ಅಂತ ಹೇಳಿದರೆ ಸ್ಟೂಲು. ಮೇಷ್ಟ್ರು ಮಾತು ನುಂಗಿಕೊಂಡರು. ಎರಡು ನಿಮಿಷದ ಕೆಲಸವಂತೆ ಅದು, ಆಮೇಲೆ ಗೊತ್ತಾಯಿತು.

ಮಾರನೆಯ ದಿನದಿಂದ ಅವರು ಒಂದು ಗಂಟೆ ಮೊದಲೇ ಬಂದು ಕೂತು ಯಂತ್ರವನ್ನು ತಡವತೊಡಗಿದರು. ಯಾವ ಕೀ ಎಷ್ಟು ಸಲ ಒತ್ತಿದರೆ ಪಟ್ಟಿ ತೆರೆಯುತ್ತದೆ, ಎಷ್ಟಕ್ಕೆ ವರದಿಯ ಹಾಳೆ, ಎಷ್ಟಕ್ಕೆ ಉಳಿಸುವುದು, ಎಲ್ಲವನ್ನೂ ಮಗ್ಗಿಯ ಹಾಗೆ ಬಾಯಿಪಾಠ ಮಾಡಿದರು. ಬಾಯಿಪಾಠವಾಯಿತು ಅನ್ನುವ ಹೊತ್ತಿಗೆ ಯಂತ್ರ ತನ್ನಷ್ಟಕ್ಕೆ ತಾನು ಏನನ್ನೋ ತುಂಬಿಕೊಂಡು, "ದಯವಿಟ್ಟು ಕಾಯಿರಿ" ಎಂದು ಅರ್ಧ ಗಂಟೆ ಕಾಯಿಸಿ, ಎದ್ದಾಗ ಎಲ್ಲವನ್ನೂ ಒಂದೊಂದು ಹೆಜ್ಜೆ ಆಚೆ ಈಚೆ ಇಟ್ಟಿರುತ್ತಿತ್ತು. ಮನೆಯಲ್ಲಾದರೆ ಚೊಂಬು ಸರಿಸಿದ್ದಕ್ಕೆ ಹೆಂಡತಿಯ ಮೇಲೆ ರೇಗಬಹುದು. ಇಲ್ಲಿ ಯಾರ ಮೇಲೆ ರೇಗುವುದು? ಅವರು ಮತ್ತೆ ಒಂದರಿಂದ ಶುರು ಮಾಡುತ್ತಿದ್ದರು.

ಒಂದು ಸಮಾಧಾನವೆಂದರೆ ಇಡೀ ಆಸ್ಪತ್ರೆ ಆ ಯಂತ್ರಕ್ಕೆ ಹಿಡಿಶಾಪ ಹಾಕುತ್ತಿತ್ತು. ಔಷಧಿ ಕೊಡುವವರು, ಬಿಲ್ ಹಾಕುವವರು, ನರ್ಸುಗಳು, ಎಲ್ಲರೂ. ಮೇಷ್ಟ್ರೂ ದನಿ ಸೇರಿಸಿದರು. ಎಲ್ಲರೂ ತಡವರಿಸುವಾಗ ಅವರ ತಡವರಿಕೆ ಬೇರೆಯಾಗಿ ಕಾಣಲಿಲ್ಲ. ಒಂದು ತಿಂಗಳು ಕಳೆಯಿತು. ಗೆದ್ದೆ ಅಂದುಕೊಂಡರು.

ಆಮೇಲೆ ಒಂದು ದಿನ ಏಳು ವರದಿಗಳಿದ್ದವು. ಐದು ಸುಸೂತ್ರವಾಗಿ ಮುಗಿದವು. ಆರನೆಯದಕ್ಕೆಂದು ಬಾಣದ ಕೀ ಒತ್ತಿದರು. ಯಂತ್ರ ಅವತ್ತು ಬೆಳಗಿನಿಂದ ಎಮ್ಮೆಯ ಹಾಗೆ ನಿಧಾನವಾಗಿತ್ತು. ಒತ್ತಿದೆನೋ ಇಲ್ಲವೋ? ಇಷ್ಟು ವರ್ಷ ಟಕ್ ಕೇಳಿದ ಕಿವಿ ಟಕ್‌ಗಾಗಿ ಕಾಯಿತು. ಬರಲಿಲ್ಲ. ಇನ್ನೊಮ್ಮೆ ಒತ್ತಿದರು. ಹೆಡ್‌ಫೋನಿನಲ್ಲಿ ಡಾಕ್ಟರಮ್ಮ, "ನಂಬರ್ ಆರು. ಗಂಡಸು, ಅರವತ್ತೊಂದು ವರ್ಷ, ಕುತ್ತಿಗೆಯ ಗಂಟು" ಎಂದು ಶುರು ಮಾಡಿ, ಭಯಪಡುವಂಥದ್ದು ಏನೂ ಇಲ್ಲವೆಂದು ಮುಗಿಸಿದರು. ಮೇಷ್ಟ್ರು ಟೈಪ್ ಮಾಡಿ ಉಳಿಸಿದರು. ಮತ್ತೆ ಬಾಣದ ಕೀ ಒತ್ತಿದಾಗ, ಪಟ್ಟಿಯ ಕೊನೆ ತಲುಪಿದ್ದ ಯಂತ್ರ ಖಾಲಿ ಉಳಿದಿದ್ದ ಒಂದೇ ಹೆಸರಿಗೆ ತಾನಾಗಿ ಹೋಗಿ ನಿಂತಿತು. ಏಳರಲ್ಲಿ ಆರು ಮುಗಿದು ಒಂದೇ ಉಳಿದಿದೆ ಎಂದರೆ ಅದು ಏಳನೆಯದೇ ಅಲ್ಲವೇ? ಅದನ್ನು ತೆರೆದರು. "ನಂಬರ್ ಏಳು. ಹೆಂಗಸು, ನಲವತ್ತನಾಲ್ಕು ವರ್ಷ, ಕುತ್ತಿಗೆಯ ಗಂಟು." ಇಲ್ಲಿ ಡಾಕ್ಟರಮ್ಮ ಸ್ವಲ್ಪ ಸುಮ್ಮನಾಗಿ, ಗಂಟಲು ಸರಿಮಾಡಿಕೊಂಡು, ಕ್ಯಾನ್ಸರ್ ಅಂದರು. ತಕ್ಷಣ ಆಪರೇಷನ್ ಆಗಬೇಕು ಅಂದರು. ಯಾರೋ ಪಾಪ, ಎಂದುಕೊಳ್ಳುತ್ತ ಮೇಷ್ಟ್ರು ಅಕ್ಷರ ತಪ್ಪದೆ ಟೈಪ್ ಮಾಡಿದರು. ಅವತ್ತೂ ಡಾಕ್ಟರಮ್ಮ ಓದದೆ ಸಹಿ ಹಾಕಿದರು.

ನಾಲ್ಕು ದಿನ ಬಿಟ್ಟು ಮೇಷ್ಟ್ರ ಬೀದಿಯ ಮೂಲೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ದರ್ಜಿ ಹೆಂಗಸು ಅವರ ಕೋಣೆಗೆ ಹುಡುಕಿಕೊಂಡು ಬಂದಳು. ಕುತ್ತಿಗೆಯಲ್ಲಿ ಗಂಟು ಕಂಡಾಗ ನಮ್ಮ ಆಸ್ಪತ್ರೆಗೇ ಬಾ ಎಂದು ಕರೆದಿದ್ದವರು ಇದೇ ಮೇಷ್ಟ್ರು.

"ಡಾಕ್ಟ್ರು ಕೊನೇ ಸಾಲು ನೋಡಿ, ಏನಿಲ್ಲ ಹೋಗಮ್ಮ ಅಂದ್ರು. ಆದ್ರೂ ಇಂಗ್ಲಿಷ್ ನನಗೆಲ್ಲಿ ಬರ್ಬೇಕು ಅಣ್ಣ? ನೀವೊಂದ್ಸಲ ಓದಿ ಹೇಳಿಬಿಡಿ. ನಿಮ್ಮ ಬಾಯಿಂದ ಕೇಳಿದ್ರೆ ನನಗೆ ಧೈರ್ಯ."

ಕಾಗದ ಕೈಗೆ ಬಂತು. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು, ಕಾಗದವನ್ನು ಹತ್ತಿರ ಹಿಡಿದರು, ಸಾಲಿನಿಂದ ಸಾಲಿಗೆ ತಲೆ ಆಡಿಸಿದರು. ಬಿಳಿ ಬಿಟ್ಟರೆ ಏನೂ ಕಾಣಲಿಲ್ಲ. "ಹೌದಮ್ಮ," ಅಂದರು, "ಏನೂ ಇಲ್ಲ ಅಂತಲೇ ಇದೆ. ಆರಾಮಾಗಿರು." ಅವಳು ಅವರ ಎರಡೂ ಕೈ ಹಿಡಿದು ಅತ್ತುಬಿಟ್ಟಳು. ಒಬ್ಬರ ಭಯ ಕಳೆದೆನಲ್ಲ ಎಂದು ಮೇಷ್ಟ್ರಿಗೆ ಅವತ್ತು ಸಂಜೆಯವರೆಗೂ ಖುಷಿಯಾಗಿತ್ತು. ಈ ಖುಷಿಯನ್ನು ನೆನೆದಾಗ ಈಗ ಅವರಿಗೆ ತಮ್ಮ ಮೇಲೇ ಹೇಸಿಗೆಯಾಗುತ್ತದೆ.

ಎರಡು ತಿಂಗಳಾದ ಮೇಲೆ ಮೇಲಧಿಕಾರಿಗಳ ಕೋಣೆಯಲ್ಲಿ ಗಲಾಟೆಯೆದ್ದಿತು. ನಿವೃತ್ತ ಬಸ್ ಕಂಡಕ್ಟರೊಬ್ಬರು ಆಸ್ಪತ್ರೆಯನ್ನೇ ತಲೆಯ ಮೇಲೆ ಹೊತ್ತುಕೊಂಡಿದ್ದರು. ಡಾಕ್ಟರಮ್ಮ ರಜೆಯಲ್ಲಿದ್ದುದರಿಂದ ಮೇಷ್ಟ್ರನ್ನು ಕರೆಸಿದರು.

"ಕ್ಯಾನ್ಸರ್ ಅಂತ ಬರೆದುಕೊಟ್ರಲ್ರೀ! ಎರಡು ತಿಂಗಳು ಅನ್ನ ನೀರು ಸೇರಲಿಲ್ಲ. ಬೇರೆ ಆಸ್ಪತ್ರೇಲಿ ಮತ್ತೆ ಮಾಡ್ಸಿದ್ರೆ ಏನೂ ಇಲ್ವಂತೆ. ಇಲ್ಲಿ ಓದಿ, ಏನಿದೆ? ಹೆಂಗಸು, ನಲವತ್ತನಾಲ್ಕು ವರ್ಷ! ನಾನೇನ್ರೀ, ಹೆಂಗಸಾ?"

ಯಾರೋ ಕಿಸಕ್ಕೆಂದರು. ಕಂಡಕ್ಟರಿಗೂ ಕೋಪದ ನಡುವೆ ನಗು ಬಂತು. ಸತ್ತೆ ಎಂದುಕೊಂಡವನು ಬದುಕಿದ್ದ, ನಗು ಬರದೇ ಇರುತ್ತದೆಯೇ? ಸಿಸ್ಟಮ್ ಸಾಹೇಬ, ಹೊಸದರಲ್ಲಿ ಹೀಗೆ ಒಂದೆರಡು ಆಗುತ್ತವೆ ಅಂದ. ಮೇಲಧಿಕಾರಿಗಳು "ತಾಂತ್ರಿಕ ದೋಷ" ಎಂದು ಒಂದು ಕಾಗದ ಬರೆಸಿ, ಕ್ಷಮೆ ಕೇಳಿ, ಕಂಡಕ್ಟರಿಗೆ ಟೀ ತರಿಸಿದರು. ಆ ನಲವತ್ತನಾಲ್ಕರ ಹೆಂಗಸು ಯಾರು ಎಂದು ಆ ಕೋಣೆಯಲ್ಲಿ ಒಬ್ಬರೂ ಕೇಳಲಿಲ್ಲ.

ಮೇಷ್ಟ್ರಿಗೆ ಮಾತ್ರ ಹೆಡ್‌ಫೋನಿನಲ್ಲಿ ಕೇಳಿದ ಆ ಏಳನೆಯ ವರದಿ ನೆನಪಾಯಿತು. ಹೊರಗೆ ಬಂದು ಬಿಲ್ ಹಾಕುವವಳಿಗೆ, ಆವತ್ತಿನ ಪಟ್ಟಿಯಲ್ಲಿ ಕಂಡಕ್ಟರ ಕೆಳಗೆ ಯಾರ ಹೆಸರಿದೆ ನೋಡಮ್ಮ ಅಂದರು. ಅವಳು ಹೆಸರು ಓದಿ, "ದರ್ಜಿ ಅಂತ ಹಾಕಿದೆ ಮೇಷ್ಟ್ರೇ, ನಿಮ್ಮ ಬೀದೀದೇ ವಿಳಾಸ" ಅಂದಳು. ಆ ದರ್ಜಿ ಹೆಂಗಸಿನ ಕಾಗದದಲ್ಲಿ ಗಂಡಸು, ಅರವತ್ತೊಂದು ವರ್ಷ ಎಂದು ಇದ್ದೇ ಇರಬೇಕು. ಮೊದಲ ಸಾಲಿನಲ್ಲೇ. ಕಣ್ಣಿರುವ ಯಾರಾದರೂ ಓದಿದ್ದರೆ ಅಲ್ಲೇ ನಿಲ್ಲುತ್ತಿದ್ದರು. ಅವಳು ಓದಿ ಎಂದು ಕೊಟ್ಟದ್ದು ಅವರ ಕೈಗೆ.

ಸುಮ್ಮನಿದ್ದುಬಿಡಬಹುದಿತ್ತು. ದೋಷ ಯಂತ್ರದ್ದೆಂದು ಬರೆದು ಮೊಹರು ಹಾಕಿಯಾಗಿತ್ತು. ಯಾರೋ ಕರೆಸಿದರು ಎಂದು ಸುಳ್ಳು ಹೇಳಿ ಅವಳನ್ನು ಮತ್ತೆ ಪರೀಕ್ಷೆಗೆ ಕಳಿಸಲೂಬಹುದಿತ್ತು. ಕುರ್ಚಿಯಲ್ಲಿ ಕೂತು ಮಧ್ಯಾಹ್ನವೆಲ್ಲ ಮೇಷ್ಟ್ರು ಈ ಸುಳ್ಳನ್ನೇ ತಿದ್ದಿ ತೀಡಿದರು. ನಾಲ್ಕು ಗಂಟೆಗೆ ರಜೆ ಹೇಳಿ ಹೊರಟರು.

ಹೊಲಿಗೆ ಯಂತ್ರದ ಸದ್ದು ಬೀದಿಯ ತುದಿಯಿಂದಲೇ ಕೇಳಿಸುತ್ತಿತ್ತು.

"ಬನ್ನಿ ಅಣ್ಣ, ನೂರು ವರ್ಷ ಆಯಸ್ಸು ನಿಮಗೆ, ಈಗಷ್ಟೇ ನೆನೆಸ್ಕೊಂಡೆ." ಅವಳ ದನಿ ಒಡೆದ ಬಿದಿರಿನಂತಿತ್ತು. ಎರಡು ತಿಂಗಳ ಹಿಂದೆ ಹೀಗಿರಲಿಲ್ಲ. "ಯಾಕೋ ಗಂಟಲು ಕಟ್ಟಿದ್ದು ಬಿಡ್ತಾನೇ ಇಲ್ಲ. ಗಂಟೂ ಸ್ವಲ್ಪ ದಪ್ಪ ಆದ ಹಾಗಿದೆ. ಆದ್ರೆ ನೀವು ಓದಿ ಹೇಳಿದ್ರಲ್ಲ ಅಂತ ಸುಮ್ಮನಿದೀನಿ. ಇರಿ, ಆ ಕಾಗದ ಇಲ್ಲೇ ಇದೆ. ಗಂಟಲಿನ ವಿಷಯ ಏನಾದ್ರೂ ಬರ್ದಿದಾರಾ, ಇನ್ನೊಂದ್ಸಲ ನೋಡಿ."

ಅವಳು ಗಲ್ಲಾಪೆಟ್ಟಿಗೆಯ ಕೆಳಗೆ, ಅಳತೆ ಪುಸ್ತಕದೊಳಗೆ ಜೋಪಾನವಾಗಿಟ್ಟಿದ್ದ ಕಾಗದ ತೆಗೆದು ಕೊಟ್ಟಳು. ಮಡಿಕೆಗಳು ಸವೆದು ಬಟ್ಟೆಯ ಹಾಗೆ ಮೆತ್ತಗಾಗಿದ್ದವು. ತಿದ್ದಿ ತೀಡಿದ ಸುಳ್ಳು ಅಲ್ಲೇ ಬಿದ್ದುಹೋಯಿತು.

"ನನಗೆ ಓದಕ್ಕಾಗಲ್ಲಮ್ಮ."

"ಯಾಕೆ, ಕನ್ನಡಕ ಬಿಟ್ಟು ಬಂದ್ರಾ?"

"ಕಣ್ಣೇ ಕಾಣಲ್ಲ. ಅವತ್ತೂ ಕಾಣ್ತಿರಲಿಲ್ಲ. ಸುಮ್ನೆ ಓದಿದ ಹಾಗೆ ಮಾಡಿದೆ." ಈ ಮಾತನ್ನು ಅವರು ಬದುಕಿನಲ್ಲಿ ಮೊದಲ ಸಲ ಬಾಯಿಬಿಟ್ಟು ಹೇಳಿದ್ದು. "ಇದು ನಿನ್ನ ಕಾಗದ ಅಲ್ಲ. ನಿಂದು ಬೇರೆಯವರಿಗೆ ಹೋಯ್ತು. ಬದಲು ಮಾಡಿದ್ದು ನಾನೇ."

ಅವಳು ತಮಾಷೆ ಎಂದುಕೊಂಡು ನಕ್ಕಳು. ಆಮೇಲೆ ಪೆಡಲಿನ ಮೇಲಿದ್ದ ಕಾಲು ನಿಂತಿತು.

"ಹಾಗಾದ್ರೆ ನಂದ್ರಲ್ಲಿ ಏನಿತ್ತು?"

ಮೇಷ್ಟ್ರಿಗೆ ಕಣ್ಣು ಕೈಕೊಟ್ಟಿತ್ತೇ ಹೊರತು ಕಿವಿ ಅಲ್ಲ. ಡಾಕ್ಟರಮ್ಮ ಸುಮ್ಮನಾದದ್ದು, ಗಂಟಲು ಸರಿಮಾಡಿಕೊಂಡದ್ದು, ಒಂದೊಂದು ಮಾತೂ ನೆನಪಿತ್ತು. ಅವರು ಅದನ್ನು ಒಂದೂ ಬಿಡದೆ ಕನ್ನಡದಲ್ಲಿ ಹೇಳಿದರು. ತಕ್ಷಣ ಎಂಬ ಮಾತನ್ನೂ ಹೇಳಿದರು.

ಅವಳು ಕೂಗಾಡಲಿಲ್ಲ. ಸೂಜಿಯ ಕೆಳಗಿದ್ದ ಬಟ್ಟೆಯನ್ನು ಬಿಡಿಸಿ, ದಾರ ಕತ್ತರಿಸಿ, ಮಡಚಿಟ್ಟಳು. ಅಂಗಡಿಯ ಬಾಗಿಲೆಳೆದು ಬೀಗ ಹಾಕಿದಳು. "ಈಗಲೇ ಹೋಗೋಣ ನಡೀರಿ. ನನಗೆ ಹೇಳಿದ್ದನ್ನ ಅಲ್ಲೂ ಹೇಳ್ತೀರಾ?"

"ಹೇಳ್ತೀನಿ."

"ಎಲ್ಲಾನೂ? ಕಣ್ಣಿನ ವಿಷಯಾನೂ?"

ಸ್ಟೂಲು ಮೇಷ್ಟ್ರ ಎದುರಿಗೆ ಬಂದು ನಿಂತಿತು. "ಎಲ್ಲಾನೂ" ಅಂದರು.

ಆಸ್ಪತ್ರೆಯ ಎದುರಿನ ದೊಡ್ಡ ರಸ್ತೆಯಲ್ಲಿ ಆ ಹೊತ್ತಿಗೆ ಗಾಡಿಗಳು ಬಿಡುವಿಲ್ಲದೆ ಹರಿಯುತ್ತಿದ್ದವು. ದಿನವೂ ಬೆಳಗ್ಗೆ ಖಾಲಿ ರಸ್ತೆಯನ್ನು ಹೆಜ್ಜೆ ಎಣಿಸಿ, ವಾಪಸಾಗುವಾಗ ಜನರ ಗುಂಪಿನಲ್ಲಿ ಸೇರಿಕೊಂಡು ದಾಟುತ್ತಿದ್ದ ಮೇಷ್ಟ್ರು ಅಂಚಿನಲ್ಲಿ ನಿಂತುಬಿಟ್ಟರು. ಅವಳು ಎರಡು ಹೆಜ್ಜೆ ಮುಂದೆ ಹೋದವಳು ತಿರುಗಿ ನೋಡಿದಳು. ವಾಪಸು ಬಂದು ಅವರ ಮೊಣಕೈ ಹಿಡಿದುಕೊಂಡಳು. ರಸ್ತೆಯ ನಡುವೆ ಬಂದಾಗ ಆ ಒಡೆದ ದನಿಯಲ್ಲಿ ಕೇಳಿದಳು.

"ಎರಡು ತಿಂಗಳು ಅಂದ್ರೆ ತಡ ಆಯ್ತಾ ಅಣ್ಣ?"

ಅವಳು ಕೈ ಬಿಡದೆ, ಎಡಕ್ಕೂ ಬಲಕ್ಕೂ ನೋಡುತ್ತ, ಅವರನ್ನು ಆಚೆ ದಾಟಿಸಿದಳು.