ಎರಡು ಸಲ ಕೂಡಿಸಿದ ಶಾಖ

ನಮ್ಮಕ್ಕ ವೆಂಕಟಲಕ್ಷ್ಮಿ ಬಂದ ಸಂಬಂಧಗಳನ್ನೆಲ್ಲ ತಳ್ಳಿಹಾಕಿ ಹದಿನೆಂಟು ವರ್ಷ ಒಂದು ಕಲ್ಲಿನ ಹಿಂದೆ ಬಿದ್ದಿದ್ದಳು. ಬಂಗಾಳ ಕೊಲ್ಲಿಯಲ್ಲಿ ಎರಡು ಕಿಲೋಮೀಟರ್ ನೀರು, ಅದರ ಕೆಳಗೆ ಮೂರು ಕಿಲೋಮೀಟರ್ ಮಣ್ಣು, ಅದರಡಿಯಲ್ಲಿ ಕಪ್ಪು ಜೇಡಿಕಲ್ಲು. ಕೋಟ್ಯಂತರ ವರ್ಷಗಳ ಹಿಂದೆ ಸತ್ತ ಕಡಲ ಜೀವಿಗಳು ಅದರಲ್ಲಿ ಹೂತಿವೆ, ಭೂಮಿಯ ಶಾಖಕ್ಕೆ ಸಾಕಷ್ಟು ಬೆಂದಿದ್ದರೆ ಎಣ್ಣೆಯಾಗಿರುತ್ತವೆ ಎನ್ನುತ್ತಿದ್ದಳು. ನಂಜನಗೂಡಿನಲ್ಲಿ ಪೌರೋಹಿತ್ಯ ಮಾಡಿಕೊಂಡಿರುವ ನನಗೆ ಇದೆಲ್ಲ ತಲೆಗೆ ಹತ್ತುತ್ತಿರಲಿಲ್ಲ. "ಬೆಂದಿದ್ಯೋ ಇಲ್ವೋ ಹ್ಯಾಗೆ ನೋಡ್ತೀಯ ಅಕ್ಕ, ಸೌಟು ಹಾಕಿಯಾ?" ಎಂದು ರೇಗಿಸುತ್ತಿದ್ದೆ.

ಕಳೆದ ವರ್ಷ ಕಂಪನಿ ಅವಳ ಮಾತು ನಂಬಿ ಬಾವಿ ಕೊರೆಸಿತು. ಕಪ್ಪು ಕಲ್ಲು ಅವಳು ಹೇಳಿದ ಆಳದಲ್ಲೇ ಸಿಕ್ಕಿತು. ಆದರೆ ಹಸಿಹಸಿ. ಒಂದು ತೊಟ್ಟು ಎಣ್ಣೆ ಇಲ್ಲ.

ಯಾರ ತಲೆ ಮೇಲಾದರೂ ಗೂಬೆ ಕೂರಿಸಬೇಕಲ್ಲ? ಕೂರಿಸಿದ್ದು ರವಿಕುಮಾರನ ತಲೆ ಮೇಲೆ. ಅವನು ನಮ್ಮ ತಾಲ್ಲೂಕಿನ ತಗಡೂರಿನವನು, ಅಕ್ಕನ ಕೈಕೆಳಗೆ ಗುತ್ತಿಗೆಯ ಮೇಲಿದ್ದ ಭೂವಿಜ್ಞಾನಿ, ಅವರ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗ. ಲೆಕ್ಕದ ಹಾಳೆಗಳಲ್ಲಿ ಅವನ ಸಹಿ ಇತ್ತು. ಗುತ್ತಿಗೆ ಮುಂದುವರಿಸಲಿಲ್ಲ. ಲೆಕ್ಕ ತಪ್ಪಿದವನು ಎಂಬ ಹೆಸರು ಹಬ್ಬಿ ಬೇರೆ ಕಂಪನಿಗಳೂ ಬಾಗಿಲು ಮುಚ್ಚಿದವು. ದೊಡ್ಡವರನ್ನು ಮುಟ್ಟುವವರು ಯಾರು? ಅಕ್ಕನಿಗೆ ಏನೂ ಆಗಲಿಲ್ಲ.

ಅವಳು ದೀರ್ಘ ರಜೆ ಹಾಕಿ ಮನೆಗೆ ಬಂದು ಹಳೆಯ ಕಾಗದಗಳನ್ನೆಲ್ಲ ಹರಡಿಕೊಂಡು ಕೂತಳು. ನಾಲ್ಕನೆಯ ದಿನ ತಿಂಡಿಯ ಹೊತ್ತಿಗೆ, "ವ್ಯಾಸ, ತಪ್ಪು ನಂದು ಕಣೋ" ಎಂದಳು. ತಟ್ಟೆಯಲ್ಲಿದ್ದ ಉಪ್ಪಿಟ್ಟು ಹಾಗೇ ಆರಿಹೋಯಿತು.

ಬಾವಿ ಕೊರೆಯುವಾಗ ಒಳಗೆ ಹರಿಸುವ ಕೆಸರುನೀರು ಬಂಡೆಯನ್ನು ತಣಿಸುತ್ತದಂತೆ. ಹಾಗಾಗಿ ಅಳೆದ ಶಾಖಕ್ಕೆ ಒಂದಿಷ್ಟು ಕೂಡಿಸಿಕೊಳ್ಳುವುದು ಅವರ ಪದ್ಧತಿ. ಅಕ್ಕ ಲೆಕ್ಕಕ್ಕೆ ಆಧಾರ ಮಾಡಿಕೊಂಡಿದ್ದ ಪಕ್ಕದ ಹಳೇ ಬಾವಿಯ ವರದಿಯಲ್ಲಿ ಯಾರೋ ಅದನ್ನು ಆಗಲೇ ಕೂಡಿಸಿಟ್ಟಿದ್ದರು. ಅಕ್ಕ ಅದನ್ನು ಗಮನಿಸದೆ ಮತ್ತೊಮ್ಮೆ ಕೂಡಿಸಿದ್ದಳು. ಕಲ್ಲು ಬೆಂದದ್ದು ಕಾಗದದ ಮೇಲೆ ಮಾತ್ರ.

ತಪ್ಪು ನನ್ನದು, ರವಿಕುಮಾರನನ್ನು ವಾಪಸ್ ತೆಗೆದುಕೊಳ್ಳಿ ಎಂದು ಅವತ್ತೇ ಕಂಪನಿಗೆ ಬರೆದಳು. ಎರಡು ತಿಂಗಳಾದ ಮೇಲೆ ಎರಡು ಸಾಲಿನ ಉತ್ತರ ಬಂತು. ಆ ಕಡಲ ಪ್ರದೇಶವನ್ನು ಸರ್ಕಾರಕ್ಕೆ ಹಿಂತಿರುಗಿಸಲಾಗಿದೆ, ಕಡತ ಮುಚ್ಚಿದೆ. ರವಿಕುಮಾರನ ಹೆಸರೇ ಅದರಲ್ಲಿರಲಿಲ್ಲ. ಓದಿ ನನಗೆ ಮೈಯೆಲ್ಲ ಉರಿಯಿತು. ಅಕ್ಕ ಮಾತ್ರ ಅವನಿಗೆ ಹೇಳಿ ಕಳಿಸು ಎಂದಳು.

ಅವನು ಈಗ ಇಲ್ಲೇ ಕೈಗಾರಿಕಾ ಪ್ರದೇಶದ ಗೋದಾಮೊಂದರಲ್ಲಿ ಲಾರಿಯಿಂದ ಮಾಲು ಇಳಿಸುವುದನ್ನು ನೋಡಿಕೊಳ್ಳುತ್ತಿದ್ದ. ಭಾನುವಾರ ಬಂದ. ಅಕ್ಕ ಎಲ್ಲವನ್ನೂ ಹೇಳಿ ಕೈಮುಗಿದಳು.

"ಗೊತ್ತಿತ್ತು ಮೇಡಂ" ಎಂದ ಅವನು. "ಬಾವಿ ಕೊರೆಯಕ್ ಮುಂಚೇನೆ ನೋಡಿದ್ದೆ."

"ಮತ್ತೆ ಯಾಕಪ್ಪ ಹೇಳ್ಲಿಲ್ಲ?" ಎಂದಳು ಅಕ್ಕ.

"ಏಳಾನ ಅಂತ್ಲೇ ಬಂದಿದ್ದೆ. ಆ ವರದಿ ಇಡ್ಕಂಡು ನಿಮ್ ರೂಮಿನ ಬಾಗ್ಲಲ್ಲಿ ಅರ್ಧ ಗಂಟೆ ನಿಂತಿದ್ದೆ. ನೀವು ನೋಡುದ್ರಿ, ಒಳಕ್ ಬಾ ಅನ್ನಲಿಲ್ಲ. ಅಷ್ಟ್ ದೊಡ್ಡೋರು ಎರಡು ಸಲ ಕೂಡ್ಸವ್ರೆ ಅಂದ್ರೆ ಏನಾರ ಕಾರಣ ಇರ್ತದೆ ಅಂದ್ಕಂಡು ಸೈನ್ ಆಕ್ಬುಟ್ಟೆ."

ಅಕ್ಕ ಕಂಬಕ್ಕೆ ಒರಗಿ ಕೂತಳು. ಅವಳಿಗೆ ನೀರು ತರಲು ತಿರುಗಿದ ನನ್ನ ಕಣ್ಣು ಬಾಗಿಲ ಕಡೆ ಹೋಯಿತು. ಇಷ್ಟೆಲ್ಲ ಮಾತಾಗುವಾಗಲೂ ಅವನು ನಮ್ಮ ಹೊಸ್ತಿಲಿನಾಚೆಯೇ ನಿಂತಿದ್ದ. ಬಾ ಎಂದು ನಾನೂ ಕರೆದಿರಲಿಲ್ಲ.